ಗಾಳಿ ವಿದ್ಯುತ್ತಿನ ಒಪ್ಪಂದಕ್ಕೆ ಮುನ್ನ ಮಾರುಕಟ್ಟೆಯನ್ನು ಓದುವ ಬಗೆ: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಕೈಪಿಡಿ

ಆಳಂದ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಎತ್ತರದ ಬಯಲಿನಲ್ಲಿ ಗಾಳಿಯಂತ್ರ ನಿಲ್ಲಿಸಲು ಜಮೀನು ಕೇಳಿಕೊಂಡು ಬರುವವರು ಮೊದಲು ಗಾಳಿಯ ವೇಗದ ಮಾತನ್ನೇ ಎತ್ತುತ್ತಾರೆ. ಕಾರ್ಖಾನೆಗೆ ಅಗ್ಗದ ವಿದ್ಯುತ್ತು ಕೊಡುತ್ತೇವೆಂದು ಬರುವವರು ಯೂನಿಟ್ಟಿನ ದರದಿಂದ ಮಾತು ಶುರುಮಾಡುತ್ತಾರೆ. ಎರಡೂ ಬೇಕಾದ ಸಂಗತಿಗಳೇ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನ ಪ್ರಕಾರ ನೆಲದಿಂದ 150 ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿಯ ಸಾಮರ್ಥ್ಯ ಸುಮಾರು 169 ಗಿಗಾವ್ಯಾಟ್ ಇದ್ದರೆ, 2025ರ ಮಾರ್ಚ್ ಅಂತ್ಯದ ಹೊತ್ತಿಗೆ ರಾಜ್ಯದಲ್ಲಿ ನಿಂತಿದ್ದ ಯಂತ್ರಗಳ ಸಾಮರ್ಥ್ಯ 7 ಗಿಗಾವ್ಯಾಟ್‌ಗಿಂತ ತುಸು ಹೆಚ್ಚು ಮಾತ್ರ. ಗಾಳಿ ಸಾಲದ್ದಕ್ಕೆ ಈ ಅಂತರ ಉಳಿದಿಲ್ಲ. ಉತ್ಪಾದಿಸಿದ ವಿದ್ಯುತ್ತನ್ನು ಯಾರು ಕೊಳ್ಳಬಹುದು, ಲೆಕ್ಕವನ್ನು ಎಷ್ಟು ಕಾಲಕ್ಕೊಮ್ಮೆ ಚುಕ್ತಾ ಮಾಡುತ್ತಾರೆ, ಹೆಚ್ಚುಕಡಿಮೆಯಾದರೆ ದಂಡ ಯಾರ ಮೇಲೆ, ತಂತಿ ಎಳೆಯುವ ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಮಾರುಕಟ್ಟೆಯ ನಿಯಮಗಳು ಕೊಡುವ ಉತ್ತರದ ಮೇಲೆ ಯಂತ್ರ ನಿಲ್ಲುವುದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ.

ಜಮೀನು ಗುತ್ತಿಗೆ ಕೊಡಲು ಯೋಚಿಸುತ್ತಿರುವ ರೈತರು ಮತ್ತು ಗಾಳಿ ವಿದ್ಯುತ್ತು ಕೊಳ್ಳಲು ಯೋಚಿಸುತ್ತಿರುವ ದಾಲ್ ಮಿಲ್ ಹಾಗೂ ಕಾರ್ಖಾನೆಗಳ ಮಾಲೀಕರು ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು, ಉತ್ತರವನ್ನು ಹೇಗೆ ತೂಗಬೇಕು ಎಂಬುದನ್ನು ಮುಂದೆ ವಿವರಿಸಿದೆ.

ಕೊಳ್ಳುವವರು ಯಾರೆಂದು ಮೊದಲು ತಿಳಿಯಿರಿ

ಯೋಜನೆಯ ಪ್ರತಿನಿಧಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ, "ಇಲ್ಲಿ ಹುಟ್ಟುವ ವಿದ್ಯುತ್ತನ್ನು ಯಾರಿಗೆ ಮಾರುತ್ತೀರಿ?" ಎಂಬುದು. ಒಂದು ಕಾಲದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. 1999ರ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆಯ ನಂತರ ಹಳೆಯ ವಿದ್ಯುಚ್ಛಕ್ತಿ ಮಂಡಳಿಯ ಜಾಗದಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಬಂತು, ದರ ನಿರ್ಧಾರಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. 2002ರಲ್ಲಿ ವಿತರಣೆಯನ್ನು ಬೇರ್ಪಡಿಸಿದಾಗ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಜೆಸ್ಕಾಂ ಸ್ಥಾಪನೆಯಾಯಿತು. ಆದರೂ 2005ರ ಜೂನ್‌ವರೆಗೆ ಉತ್ಪಾದಕರಿಂದ ಕೊಳ್ಳುವ ಕೆಲಸ ಕೆಪಿಟಿಸಿಎಲ್ ಒಂದರ ಕೈಯಲ್ಲಿಯೇ ಇತ್ತು. ಆ ಬಳಿಕ ಖರೀದಿ ಒಪ್ಪಂದಗಳನ್ನು ವಿತರಣಾ ಕಂಪನಿಗಳಿಗೆ ಹಂಚಲಾಯಿತು. ಕೊಳ್ಳುವವರು ಒಬ್ಬರೇ ಇದ್ದಾಗ ಅವರ ಹಣದ ಸ್ಥಿತಿಯೇ ಇಡೀ ಗಾಳಿ ಉದ್ಯಮದ ಹಣೆಬರಹವಾಗುತ್ತದೆ.

2003ರ ಕೇಂದ್ರ ವಿದ್ಯುಚ್ಛಕ್ತಿ ಕಾಯ್ದೆ ಈ ಕಟ್ಟನ್ನು ಸಡಿಲಿಸಿತು. ಉತ್ಪಾದನೆಗೆ ಪರವಾನಗಿ ಬೇಡವಾಯಿತು, ಬೇರೆಯವರ ತಂತಿಯ ಮೇಲೆ ತನ್ನ ವಿದ್ಯುತ್ತನ್ನು ಸಾಗಿಸುವ ಹಕ್ಕು, ಅಂದರೆ ಮುಕ್ತ ಪ್ರವೇಶ, ಕಾನೂನಿನಲ್ಲಿ ಸೇರಿತು, ವಿತರಣಾ ಕಂಪನಿಗಳು ಇಂತಿಷ್ಟು ಪಾಲನ್ನು ನವೀಕರಿಸಬಹುದಾದ ಮೂಲಗಳಿಂದಲೇ ಕೊಳ್ಳಬೇಕೆಂದು ಆಯೋಗಗಳು ಕಡ್ಡಾಯ ಮಾಡಲು ಅವಕಾಶವಾಯಿತು. ಹೀಗಾಗಿ ಇಂದು ಒಂದು ಗಾಳಿಯಂತ್ರದ ಹಿಂದೆ ನಾಲ್ಕು ಬಗೆಯ ಗಿರಾಕಿಗಳಿರಬಹುದು: ಜೆಸ್ಕಾಂನಂಥ ವಿತರಣಾ ಕಂಪನಿ; ಹರಾಜು ನಡೆಸಿ ಕೊಂಡು ಬೇರೆ ರಾಜ್ಯಗಳಿಗೂ ಮಾರುವ ಸೆಕಿ (ಭಾರತೀಯ ಸೌರಶಕ್ತಿ ನಿಗಮ)ಯಂಥ ಕೇಂದ್ರ ಸಂಸ್ಥೆ; ನೇರವಾಗಿ ಕೊಳ್ಳುವ ಕಾರ್ಖಾನೆ; ಇಲ್ಲವೆ ದಿನದ ಬೆಲೆಗೆ ವ್ಯಾಪಾರ ನಡೆಯುವ ವಿದ್ಯುತ್ ವಿನಿಮಯ ಕೇಂದ್ರ. ಗುತ್ತಿಗೆಯ ಮಾತು 25, 30 ವರ್ಷಗಳದ್ದು. ಆದ್ದರಿಂದ "ಮಾತುಕತೆ ನಡೆದಿದೆ" ಎಂಬ ಉತ್ತರಕ್ಕೆ ತೃಪ್ತರಾಗದೆ, ಖರೀದಿ ಒಪ್ಪಂದ ಸಹಿಯಾಗಿದೆಯೇ, ವಿತರಣಾ ಕಂಪನಿಯೊಡನೆ ಆದದ್ದಾದರೆ ಆಯೋಗದ ಅನುಮೋದನೆ ದೊರೆತಿದೆಯೇ ಎಂದು ಕಾಗದದ ಮೇಲೆ ನೋಡಿ. ಆಯೋಗದ ಆದೇಶಗಳು ಅದರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಕಂಪನಿಯ ಹೆಸರು ಹಾಕಿ ಹುಡುಕಿದರೆ ಸಾಕು.

ದರ ಹುಟ್ಟಿದ ಬಗೆಯನ್ನು ಕೇಳಿ

2017ರವರೆಗೆ ನಮ್ಮ ದೇಶದಲ್ಲಿ ಗಾಳಿ ವಿದ್ಯುತ್ತಿನ ದರವನ್ನು ಬಹುಮಟ್ಟಿಗೆ ರಾಜ್ಯ ಆಯೋಗಗಳೇ ನಿಗದಿ ಮಾಡುತ್ತಿದ್ದವು. ಬಂಡವಾಳ, ಬಡ್ಡಿ, ನಿರ್ವಹಣೆ, ಲಾಭ ಎಲ್ಲವನ್ನೂ ಕೂಡಿ ಹಾಕಿದ ದರ ಅದಾಗಿದ್ದರಿಂದ ಯಂತ್ರ ನಿಲ್ಲಿಸಿದವರಿಗೆ ದರದ ಭಯವಿರಲಿಲ್ಲ. ಜೊತೆಗೆ ಮೊದಲ ವರ್ಷವೇ ಯಂತ್ರದ ಬೆಲೆಯ 80 ಶೇಕಡಾವನ್ನು ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಉಳಿಸುವ ಸೌಲಭ್ಯವಿತ್ತು. ತೆರಿಗೆ ಉಳಿಸಲು ಗಾಳಿಯಂತ್ರ ಕೊಂಡ ಜವಳಿ ವ್ಯಾಪಾರಿಗಳು, ಚಿನ್ನದ ವ್ಯಾಪಾರಿಗಳೂ ಇದ್ದರು. ಯಂತ್ರ ನಿಂತರೆ ಸಾಕು, ತಿರುಗಿದರೆ ಲಾಭ ಎಂಬ ಈ ಮನೋಭಾವ ಸರಿಯಲ್ಲವೆಂದು ಕಂಡಿದ್ದರಿಂದಲೇ 2009ರಲ್ಲಿ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ ಪ್ರೋತ್ಸಾಹಧನ ಕೊಡುವ ಕ್ರಮವನ್ನು ಕೇಂದ್ರ ಜಾರಿಗೆ ತಂದಿತು. ಅದು 2017ರ ಮಾರ್ಚ್‌ಗೆ ಮುಗಿಯಿತು, ಸವಕಳಿಯ ಪ್ರಮಾಣವೂ ಶೇಕಡಾ 40ಕ್ಕೆ ಇಳಿಯಿತು.

ಅದೇ ವರ್ಷದ ಫೆಬ್ರುವರಿಯಲ್ಲಿ ಸೆಕಿ ನಡೆಸಿದ ಮೊದಲ ಗಾಳಿ ಹರಾಜಿನಲ್ಲಿ ದರ 3.46 ರೂಪಾಯಿಗೆ ಇಳಿಯಿತು. ಡಿಸೆಂಬರಿನ ಗುಜರಾತಿನ ಹರಾಜಿನಲ್ಲಿ 2.43 ರೂಪಾಯಿಗೆ ಬಂತು. ಹಳೆಯ ದರಗಳು ಇನ್ನು ಸಿಗುವುದಿಲ್ಲವೆಂದು ಗೊತ್ತಿದ್ದವರು ಅವಸರದಿಂದ ಕೆಲಸ ಮುಗಿಸಿದ್ದರಿಂದ 2016-17ರಲ್ಲಿ ದೇಶದಲ್ಲಿ ಸುಮಾರು 5,500 ಮೆಗಾವ್ಯಾಟ್ ಹೊಸ ಗಾಳಿಯಂತ್ರಗಳು ಸೇರಿದವು. ಮರುವರ್ಷ ಅದು 1,800 ಮೆಗಾವ್ಯಾಟ್ ಕೂಡ ಮುಟ್ಟಲಿಲ್ಲ. ಒಂದೇ ವರ್ಷದಲ್ಲಿ ಗಾಳಿ ಬದಲಾಗಿರಲಿಲ್ಲ, ಯಂತ್ರ ಬದಲಾಗಿರಲಿಲ್ಲ. ದರ ಹುಟ್ಟುವ ವಿಧಾನ ಮತ್ತು ಮೇಲೆ ಹೇಳಿದ ಪ್ರೋತ್ಸಾಹಗಳು ಬದಲಾಗಿದ್ದವು. ಹರಾಜಿನಿಂದ ಗ್ರಾಹಕರಿಗೆ ಆದ ಲಾಭವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ತೀರ ಕಡಿಮೆ ದರ ಕೂಗಿ ಗೆದ್ದವರು ಆಮೇಲೆ ಸಾಲ ಸಿಗದೆ, ಜಮೀನು ಸಿಗದೆ ಯೋಜನೆಯನ್ನು ವರ್ಷಗಟ್ಟಲೆ ಎಳೆದ ಉದಾಹರಣೆಗಳೂ ಈ ಪದ್ಧತಿಯಿಂದಲೇ ಬಂದಿವೆ.

ಜಮೀನಿನವರಿಗೆ ಇದರಿಂದ ಬರುವ ಪಾಠ ನೇರವಾದದ್ದು. ಹರಾಜಿನಲ್ಲಿ ಗೆದ್ದ ಯೋಜನೆಗೆ ವಿದ್ಯುತ್ತು ಹರಿಸಬೇಕಾದ ಕಡೆಯ ದಿನಾಂಕವಿರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿ. ಆ ದಿನಾಂಕ ದಾಟಿದರೆ ನಿಮ್ಮ ಗುತ್ತಿಗೆ ಏನಾಗುತ್ತದೆ, ಯಂತ್ರ ನಿಲ್ಲದಿದ್ದರೂ ಬಾಡಿಗೆ ಬರುತ್ತದೆಯೇ, ಇಷ್ಟು ವರ್ಷದೊಳಗೆ ಕೆಲಸ ಶುರುವಾಗದಿದ್ದರೆ ಒಪ್ಪಂದ ತಾನಾಗಿ ಬಿದ್ದುಹೋಗುತ್ತದೆಯೇ ಎಂಬುದು ನೋಂದಾಯಿತ ಪತ್ರದಲ್ಲಿಯೇ ಇರಬೇಕು. ಪಹಣಿಯಲ್ಲಿ ಕಂಪನಿಯ ಹಕ್ಕು ನಮೂದಾಗಿ, ಹೊಲದಲ್ಲಿ ಯಂತ್ರವೂ ಇಲ್ಲದೆ, ಬ್ಯಾಂಕಿನಲ್ಲಿ ಬೆಳೆಸಾಲವೂ ಸಿಗದೆ ಸಿಕ್ಕಿಕೊಳ್ಳುವುದು ರೈತನಿಗೆ ಎಲ್ಲಕ್ಕಿಂತ ಕೆಟ್ಟ ಸ್ಥಿತಿ.

ದರ ಎಷ್ಟೆಂಬುದಕ್ಕಿಂತ ಅದು ಎಷ್ಟು ಕಾಲ ಖಚಿತ ಎಂಬುದು ಏಕೆ ಮುಖ್ಯವೆಂದು ಒಂದು ಚಿಕ್ಕ ಲೆಕ್ಕದಿಂದ ನೋಡಬಹುದು. ಒಂದು ಮೆಗಾವ್ಯಾಟ್ ಯಂತ್ರ ವರ್ಷದ 8,760 ಗಂಟೆಗಳಲ್ಲಿ ಸರಾಸರಿ ಶೇಕಡಾ 30ರಷ್ಟು ಸಾಮರ್ಥ್ಯದಲ್ಲಿ ನಡೆದರೆ 26.28 ಲಕ್ಷ ಯೂನಿಟ್ ಕೊಡುತ್ತದೆ. ಲೆಕ್ಕದ ಸಲುವಾಗಿ ಅದರ ಖರ್ಚು 8 ಕೋಟಿ ರೂಪಾಯಿ, ಅದರಲ್ಲಿ ಶೇಕಡಾ 70, ಅಂದರೆ 5.6 ಕೋಟಿ, ಸಾಲ ಎಂದಿಟ್ಟುಕೊಳ್ಳಿ. ಬಡ್ಡಿ ಒಂದು ಶೇಕಡಾ ಏರಿದರೆ ಮೊದಲ ವರ್ಷದ ಹೊರೆ 5.6 ಲಕ್ಷ ರೂಪಾಯಿ, ಯೂನಿಟ್ಟಿಗೆ ಸುಮಾರು 21 ಪೈಸೆ. ಗಾಳಿಗೆ ಇಂಧನದ ಖರ್ಚಿಲ್ಲ, ಖರ್ಚೆಲ್ಲ ಮೊದಲೇ ಹಾಕುವ ಬಂಡವಾಳ. ಆದ್ದರಿಂದ ಬಡ್ಡಿಯೇ ಅದರ ಇಂಧನವೆನ್ನಬಹುದು. 25 ವರ್ಷ ಒಂದೇ ದರಕ್ಕೆ ಕೊಳ್ಳುವ ನಂಬಿಗಸ್ಥ ಗಿರಾಕಿ ಇದ್ದರೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ದಿನದ ಬೆಲೆಗೆ ಮಾರುವವರಿಗೆ ಆ ಬಡ್ಡಿಗೆ ಸಾಲ ಸಿಗುವುದಿಲ್ಲ, ಸಿಗಲೂಬಾರದು. ಬ್ರಿಟನ್ನಿನಲ್ಲಿ ಮಾರುಕಟ್ಟೆಯ ದರ ಒಪ್ಪಿದ ದರಕ್ಕಿಂತ ಕೆಳಗಿಳಿದರೆ ವ್ಯತ್ಯಾಸ ತುಂಬಿಕೊಟ್ಟು, ಮೇಲೇರಿದರೆ ವ್ಯತ್ಯಾಸ ಹಿಂಪಡೆಯುವ ಒಪ್ಪಂದಗಳನ್ನು ರೂಪಿಸಿದ್ದು ಇದೇ ಕಾರಣಕ್ಕೆ.

ಲೆಕ್ಕ ಯಾವ ಗಡಿಯಾರದ ಮೇಲೆ ನಡೆಯುತ್ತದೆ ನೋಡಿ

ನನ್ನ ಮಟ್ಟಿಗೆ ನಮ್ಮ ಮೂರು ಜಿಲ್ಲೆಗಳ ಕೊಳ್ಳುಗರಿಗೆ ಎಲ್ಲಕ್ಕಿಂತ ಮುಖ್ಯವಾದ ಮತ್ತು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಪ್ರಶ್ನೆ ಇದು. ಇಲ್ಲಿಯ ಗಾಳಿ ನೈಋತ್ಯ ಮುಂಗಾರಿನ ಗಾಳಿ. ವರ್ಷದ ಉತ್ಪಾದನೆಯ ಅರ್ಧಕ್ಕಿಂತ ಹೆಚ್ಚು ಪಾಲು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿಯೇ ಬಂದುಬಿಡುತ್ತದೆ. ಇನ್ನು ಕಲಬುರಗಿಯ ದಾಲ್ ಮಿಲ್‌ಗಳ ಕಡೆ ನೋಡಿ. ತೊಗರಿಯ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಮಿಲ್‌ಗಳು ಎಡೆಬಿಡದೆ ಓಡುವುದು ಅಲ್ಲಿಂದ ಬೇಸಿಗೆಯವರೆಗೆ. ಅಂದರೆ ಗಾಳಿ ಹೆಚ್ಚಿರುವಾಗ ಮಿಲ್ಲಿಗೆ ವಿದ್ಯುತ್ತು ಬೇಡ, ಮಿಲ್ಲಿಗೆ ಬೇಕಾದಾಗ ಗಾಳಿಯಿಲ್ಲ.

ಈ ಕಂದಕವನ್ನು ದಾಟಿಸುವ ನಿಯಮಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ಸುಗ್ಗಿಯ ಜೋಳವನ್ನು ಹಗೇವಿನಲ್ಲಿಟ್ಟು ಬೇಕಾದಾಗ ತೆಗೆದಂತೆ, ಹೆಚ್ಚಾದ ಯೂನಿಟ್ಟುಗಳನ್ನು ವಿತರಣಾ ಕಂಪನಿಯ ಲೆಕ್ಕದಲ್ಲಿ ಇಟ್ಟು, ಒಂದಿಷ್ಟು ಪಾಲನ್ನು ಶುಲ್ಕವಾಗಿ ಬಿಟ್ಟುಕೊಟ್ಟು, ಮುಂದೆ ವಾಪಸು ಪಡೆಯುವುದು. ಕರ್ನಾಟಕದಲ್ಲಿ ಬಹುಕಾಲ ಗಾಳಿ ವಿದ್ಯುತ್ತಿಗೆ ವಾರ್ಷಿಕ ಬ್ಯಾಂಕಿಂಗ್ ಇತ್ತು. ಅದರಲ್ಲಿ ಜುಲೈ ತಿಂಗಳ ಯೂನಿಟ್ಟನ್ನು ಫೆಬ್ರುವರಿಯಲ್ಲಿ ಬಳಸಬಹುದಿತ್ತು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಹಸಿರು ವಿದ್ಯುತ್ ಮುಕ್ತ ಪ್ರವೇಶ ನಿಯಮಗಳು ಒಂದು ಕಡೆ ಕನಿಷ್ಠ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿ ಚಿಕ್ಕ ಕಾರ್ಖಾನೆಗಳಿಗೂ ಬಾಗಿಲು ತೆರೆದವು, ಇನ್ನೊಂದು ಕಡೆ ಬ್ಯಾಂಕಿಂಗ್ ಲೆಕ್ಕವನ್ನು ತಿಂಗಳಿಗೆ ಕಟ್ಟಿಹಾಕಿದವು. ಬಾಗಿಲು ತೆರೆದ ಮಿಲ್ಲಿಗೆ ಒಳಗೆ ಹೋದ ಮೇಲೆ ಏನೂ ಸಿಗದಂತಾಯಿತು. ವಿತರಣಾ ಕಂಪನಿಯ ವಾದದಲ್ಲಿಯೂ ಹುರುಳಿದೆ ಎಂಬುದನ್ನು ಹೇಳಲೇಬೇಕು: ಮಳೆಗಾಲದ ಅಗ್ಗದ ಯೂನಿಟ್ಟು ಇಸಿದುಕೊಂಡು ಬೇಸಿಗೆಯ ದುಬಾರಿ ಯೂನಿಟ್ಟು ಕೊಡುವ ವ್ಯತ್ಯಾಸವನ್ನು ಕೊನೆಗೆ ಉಳಿದ ಗ್ರಾಹಕರೇ ತುಂಬಬೇಕಾಗುತ್ತದೆ.

ಆ ಕೇಂದ್ರ ನಿಯಮಗಳನ್ನೂ ಅವನ್ನು ಆಧರಿಸಿದ ರಾಜ್ಯ ಆಯೋಗದ ನಿಬಂಧನೆಗಳನ್ನೂ ಕರ್ನಾಟಕ ಉಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಹೀಗಾಗಿ ಯಾರಾದರೂ ಬ್ಯಾಂಕಿಂಗ್ ಲೆಕ್ಕ ತೋರಿಸಿ ಒಪ್ಪಂದಕ್ಕೆ ಕರೆದರೆ, ಅವರ ಲೆಕ್ಕ ಯಾವ ದಿನಾಂಕದ ಯಾವ ನಿಬಂಧನೆಯ ಮೇಲೆ ನಿಂತಿದೆ ಎಂದು ಕೇಳಿ, ಸಹಿ ಮಾಡುವ ದಿನ ಆಯೋಗದಲ್ಲಿ ಜಾರಿಯಿರುವ ನಿಬಂಧನೆಯೊಡನೆ ಹೋಲಿಸಿ ನೋಡಿ. ಸುಲಭವಾದ ಪರೀಕ್ಷೆಯೊಂದಿದೆ. ನಿಮ್ಮ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳಿಂದ ತಿಂಗಳುವಾರು ಯೂನಿಟ್ಟುಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಮಾರುವವರಿಂದ ತಿಂಗಳುವಾರು ಉತ್ಪಾದನೆಯ ಅಂದಾಜು ಪಡೆದು ಅದರ ಕೆಳಗೆ ಬರೆಯಿರಿ. ಪ್ರತಿ ತಿಂಗಳಲ್ಲಿ ಎರಡರಲ್ಲಿ ಕಡಿಮೆಯಾದ ಅಂಕಿಯನ್ನು ಮಾತ್ರ ಕೂಡಿ. ಬ್ಯಾಂಕಿಂಗ್ ತಿಂಗಳಿಗೆ ಸೀಮಿತವಾಗಿದ್ದರೆ ನಿಮಗೆ ನಿಜವಾಗಿ ದಕ್ಕುವುದು ಆ ಮೊತ್ತವಷ್ಟೇ. ವರ್ಷದ ಒಟ್ಟು ಮೊತ್ತವನ್ನು ತೋರಿಸುವ ಹಾಳೆಯನ್ನು ನಂಬಬೇಡಿ.

ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಮತ್ತು ರಾಸಾಯನಿಕ ಘಟಕಗಳು ಹಗಲೂ ರಾತ್ರಿ, ವರ್ಷವಿಡೀ ಓಡುವಂಥವು. ಅವುಗಳಿಗೆ ಈ ಪರೀಕ್ಷೆಯಲ್ಲಿ ಒಳ್ಳೆಯ ಅಂಕಿ ಬರುತ್ತದೆ, ಆದ್ದರಿಂದ ಗಾಳಿ ಕಂಪನಿಗಳು ಅಂಥವರನ್ನೇ ಹುಡುಕಿಕೊಂಡು ಹೋಗುತ್ತವೆ. ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳದ್ದು ಇನ್ನೊಂದು ಬಗೆ. ಕಬ್ಬು ನುರಿಸುವ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗಿನದು. ಆಗ ಸಿಪ್ಪೆ ಉರಿಸಿ ಹುಟ್ಟುವ ವಿದ್ಯುತ್ತು ಗಾಳಿಯಿಲ್ಲದ ತಿಂಗಳುಗಳನ್ನು ತುಂಬುತ್ತದೆ. ಗಾಳಿ, ಕಬ್ಬಿನ ಸಿಪ್ಪೆ ಎರಡನ್ನೂ ಒಂದೇ ಒಪ್ಪಂದದಲ್ಲಿ ಸೇರಿಸಿ ಮಾರಲು ನಿಯಮಗಳು ಅನುಕೂಲವಾದರೆ ದಾಲ್ ಮಿಲ್ಲಿನ ಸಮಸ್ಯೆಗೆ ನಮ್ಮ ನೆಲದಲ್ಲಿಯೇ ಉತ್ತರವಿದೆ ಎಂಬುದು ನನ್ನ ಅಭಿಪ್ರಾಯ.

ವಿನಿಮಯ ಕೇಂದ್ರದ ಗಡಿಯಾರ ಇನ್ನೂ ಸೂಕ್ಷ್ಮವಾದದ್ದು. 2008ರಲ್ಲಿ ಶುರುವಾದ ಈ ಕೇಂದ್ರಗಳಲ್ಲಿ ಒಂದು ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿಗೂ ಬೇರೆ ಬೆಲೆ ಕಟ್ಟುತ್ತಾರೆ. ಮರುದಿನಕ್ಕಾಗಿ ನಡೆಯುವ ವ್ಯಾಪಾರದ ಜೊತೆಗೆ 2020ರ ಜೂನ್‌ನಿಂದ ಆಯಾ ಹೊತ್ತಿನ ವ್ಯಾಪಾರ, 2021ರ ಅಕ್ಟೋಬರ್‌ನಿಂದ ಹಸಿರು ವಿದ್ಯುತ್ತಿನ ಪ್ರತ್ಯೇಕ ವ್ಯಾಪಾರ ನಡೆಯುತ್ತಿವೆ. ಇಲ್ಲಿ ಸರಾಸರಿ ಬೆಲೆ ನೋಡಿ ಮೋಸ ಹೋಗುವುದು ಸುಲಭ. ಗಾಳಿ ಬೀಸುವಾಗ ರಾಜ್ಯದ ಎಲ್ಲ ಯಂತ್ರಗಳೂ ಒಟ್ಟಿಗೆ ತಿರುಗುತ್ತವೆ, ಮಳೆ ಬಿದ್ದು ಪಂಪ್‌ಸೆಟ್ಟುಗಳು ನಿಂತಿರುತ್ತವೆ, ಕೃಷ್ಣೆ ತುಂಬಿ ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕವೂ ಆಗಲೇ ನಡೆಯುತ್ತಿರುತ್ತದೆ. ಬೆಲೆ ಬೀಳದೆ ಇನ್ನೇನಾದೀತು? ಉದಾಹರಣೆಗೆ, ಮುಂಗಾರಿನ ನಾಲ್ಕು ತಿಂಗಳು ಬೆಲೆ 3 ರೂಪಾಯಿ, ಉಳಿದ ಎಂಟು ತಿಂಗಳು 5 ರೂಪಾಯಿ ಇದ್ದರೆ ವರ್ಷದ ಸರಾಸರಿ 4.33 ರೂಪಾಯಿ. ಆದರೆ ಯೂನಿಟ್ಟುಗಳಲ್ಲಿ 60 ಶೇಕಡಾ ಆ ನಾಲ್ಕು ತಿಂಗಳಲ್ಲೇ ಹುಟ್ಟುವುದಾದರೆ ಗಾಳಿಯವನ ಕೈಗೆ ಬರುವ ಬೆಲೆ 3.80 ಮಾತ್ರ. ಗಾಳಿ ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ. ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋದ ಗಂಟೆಗಳೂ ಇವೆ.

ಬೆಲೆ ಏರಿದಾಗಲಾದರೂ ಲಾಭವಾಗುತ್ತದೆಯೇ ಎಂದರೆ, ಅದಕ್ಕೂ ಮಿತಿಯಿದೆ. ವಿನಿಮಯ ಕೇಂದ್ರದಲ್ಲಿ ಗರಿಷ್ಠ ಬೆಲೆಯನ್ನು ಯೂನಿಟ್ಟಿಗೆ 2022ರಲ್ಲಿ 12 ರೂಪಾಯಿಗೆ, 2023ರಲ್ಲಿ 10 ರೂಪಾಯಿಗೆ ಕಟ್ಟಲಾಯಿತು. 2023ರಲ್ಲಿ ಮಳೆ ಕೈಕೊಟ್ಟು ವಿದ್ಯುತ್ತಿನ ಕೊರತೆಯಾದಾಗ ರಾಜ್ಯ ಸರ್ಕಾರ ಅಕ್ಟೋಬರ್‌ನಲ್ಲಿ 2003ರ ವಿದ್ಯುಚ್ಛಕ್ತಿ ಕಾಯ್ದೆಯ 11ನೆಯ ಕಲಮನ್ನು ಬಳಸಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ತು ಕೊಡಬೇಕೆಂದು ಆದೇಶಿಸಿತು. ಗುತ್ತಿಗೆಯ ಹಣವನ್ನು ಆದಾಯದ ಪಾಲಾಗಿ ಕೊಡುತ್ತೇವೆ ಎನ್ನುವ ಕಂಪನಿ ಈ ಎಲ್ಲ ಏರಿಳಿತಗಳನ್ನು ರೈತನ ಹೆಗಲಿಗೆ ಹಾಕುತ್ತದೆ. ಪ್ರತಿವರ್ಷ ಇಂತಿಷ್ಟು ಏರುವ ನಿಶ್ಚಿತ ಬಾಡಿಗೆಯನ್ನೇ ಕೇಳುವುದು ಕ್ಷೇಮ. ಪಾಲು ಪಡೆಯಲೇಬೇಕೆಂದಿದ್ದರೆ ಅದನ್ನು ಕಂಪನಿಯ ಲಾಭದ ಮೇಲೆ ಲೆಕ್ಕ ಹಾಕದೆ ಮೀಟರಿನಲ್ಲಿ ದಾಖಲಾದ ಯೂನಿಟ್ಟಿನ ಮೇಲೆ ಲೆಕ್ಕ ಹಾಕಿಸಿ.

ತಿರುಗುವ ಯಂತ್ರವನ್ನು ತಡೆಯುವ ಅಧಿಕಾರ ಮತ್ತು ದಂಡ

ಉತ್ಪಾದಕರು ಮುಂದಿನ ಹೊತ್ತಿನಲ್ಲಿ ಎಷ್ಟು ವಿದ್ಯುತ್ತು ಕೊಡುತ್ತೇವೆಂದು ಮೊದಲೇ ತಿಳಿಸಬೇಕು; ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ವ್ಯತ್ಯಾಸ ಬಂದರೆ ದಂಡ ತೆರಬೇಕು. ಗಾಳಿ, ಸೌರ ವಿದ್ಯುತ್ತಿಗೆ ಈ ನಿಯಮವನ್ನು ಮೊದಮೊದಲು ತಂದ ರಾಜ್ಯಗಳಲ್ಲಿ ಕರ್ನಾಟಕ ಒಂದು. ಇಲ್ಲಿ ಆರಂಭದಲ್ಲಿ ಶೇಕಡಾ 15ರವರೆಗಿನ ವ್ಯತ್ಯಾಸಕ್ಕೆ ವಿನಾಯಿತಿಯಿತ್ತು. ದಂಡ ಬಿಗಿಯಾದಷ್ಟೂ ನೂರಾರು ಯಂತ್ರಗಳಿರುವ ದೊಡ್ಡ ಕಂಪನಿಗಳಿಗೆ ಅನುಕೂಲ, ಏಕೆಂದರೆ ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪಿನಲ್ಲಿ ಕರಗುತ್ತದೆ. ಒಂದೆರಡು ಯಂತ್ರಗಳ ಮಾಲೀಕನಿಗೆ ಆ ಸೌಕರ್ಯವಿಲ್ಲ. ಎರಡು ಪಕ್ಷಗಳಲ್ಲಿ ದಂಡ ಯಾರು ಹೊರುತ್ತಾರೆಂದು ಒಪ್ಪಂದದಲ್ಲಿ ಓದಿ.

ವಿದ್ಯುತ್ತು ಹೆಚ್ಚಾದಾಗ ಯಾರನ್ನು ಮೊದಲು ಇಳಿಸಬೇಕೆಂಬುದು ಇನ್ನೊಂದು ಪ್ರಶ್ನೆ. ಕಾನೂನಿನ ಪ್ರಕಾರ, ಮತ್ತು 2021ರ ಕೇಂದ್ರ ನಿಯಮಗಳ ಪ್ರಕಾರ, ಗಾಳಿಯನ್ನು ಸುಮ್ಮನೆ ನಿಲ್ಲಿಸುವಂತಿಲ್ಲ. ಗ್ರಿಡ್‌ನ ಸುರಕ್ಷತೆಯ ಕಾರಣವಲ್ಲದೆ ನಿಲ್ಲಿಸಿದರೆ ಪರಿಹಾರ ಕೊಡಬೇಕು. ಆದರೆ ಕಲ್ಲಿದ್ದಲು ಘಟಕಗಳನ್ನು ತಾಂತ್ರಿಕವಾಗಿ ಶೇಕಡಾ 55ಕ್ಕಿಂತ ಕೆಳಗಿಳಿಸುವುದು ಕಷ್ಟ, ಮೇಲಾಗಿ ರಾಯಚೂರಿನಂಥ ಘಟಕಗಳಿಂದ ವಿದ್ಯುತ್ತು ಪಡೆಯಲಿ ಬಿಡಲಿ ಅವುಗಳ ನಿಶ್ಚಿತ ವೆಚ್ಚವನ್ನು ವಿತರಣಾ ಕಂಪನಿ ಕಟ್ಟಲೇಬೇಕು. ಹಳೆಯ ದೀರ್ಘಾವಧಿ ಒಪ್ಪಂದಗಳು ತುಂಬಿರುವ ಪೇಟೆಯಲ್ಲಿ ಹೊಸಬನಿಗೆ ಜಾಗ ಸಿಗುವುದು ಕಷ್ಟ. ಚೀನಾದಲ್ಲಿ ಕಲ್ಲಿದ್ದಲು ಘಟಕಗಳಿಗೆ ವಾರ್ಷಿಕ ಗಂಟೆಗಳನ್ನು ಮೊದಲೇ ಹಂಚಿಕೊಡುತ್ತಿದ್ದ ಕಾಲದಲ್ಲಿ, ತಂತಿಯ ಕೊರತೆಯೂ ಸೇರಿ, 2016ರಲ್ಲಿ ದೇಶದ ಗಾಳಿ ವಿದ್ಯುತ್ತಿನ ಸುಮಾರು ಶೇಕಡಾ 17ರಷ್ಟು ಬಳಕೆಯಾಗದೆ ಹೋಯಿತು. ಗಾನ್ಸು ಪ್ರಾಂತದಲ್ಲಿ ಆ ಪಾಲು ಶೇಕಡಾ 40 ದಾಟಿತ್ತು. ಹೊಸ ಯಂತ್ರ ನೆಡುವುದಷ್ಟೇ ಬೆಳವಣಿಗೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತಂತಿ ಎಲ್ಲಿಗೆ, ಯಾರ ಖರ್ಚಿನಲ್ಲಿ

ಯೋಜನೆಯವರಿಂದ ಕೇಳಿ ಪಡೆಯಬೇಕಾದ ಒಂದು ಕಾಗದವೆಂದರೆ ಗ್ರಿಡ್ ಸಂಪರ್ಕದ ಅನುಮತಿ ಪತ್ರ. ಯಾವ ಸಬ್‌ಸ್ಟೇಷನ್ನಿಗೆ, ಎಷ್ಟು ಕಿಲೋವೋಲ್ಟ್ ತಂತಿಯಲ್ಲಿ, ಎಷ್ಟು ಮೆಗಾವ್ಯಾಟ್ ಕೊಡಲು ಒಪ್ಪಿಗೆ ಸಿಕ್ಕಿದೆ ಎಂಬುದು ಅದರಲ್ಲಿರುತ್ತದೆ. ಹುಮನಾಬಾದ್ ಅಥವಾ ಸೇಡಂನ 220 ಕಿಲೋವೋಲ್ಟ್ ಕೇಂದ್ರದಲ್ಲಿ ಜಾಗವಿದೆ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಆ ಪತ್ರವಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಸಂಪರ್ಕ ಕೆಪಿಟಿಸಿಎಲ್ ಜಾಲಕ್ಕಾದರೆ ಗಿರಾಕಿ ಸಾಮಾನ್ಯವಾಗಿ ರಾಜ್ಯದೊಳಗಿನವನು; ಅಂತರರಾಜ್ಯ ಜಾಲಕ್ಕಾದರೆ ದೇಶದ ಯಾವ ಮೂಲೆಯವನೂ ಆಗಬಹುದು.

ಈ ಎರಡನೆಯ ಸಾಧ್ಯತೆ ನಮ್ಮ ಭಾಗದಿಂದಲೇ ತೆರೆದುಕೊಂಡಿತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಡನೆ ಒಂದಾಯಿತು. ಅಲ್ಲಿಯವರೆಗೆ ದಕ್ಷಿಣದ ಪೇಟೆ ಬಹುಮಟ್ಟಿಗೆ ಬೇರೆಯೇ ಪೇಟೆಯಾಗಿತ್ತು. 2025ರ ಜೂನ್ 30ರೊಳಗೆ ಚಾಲನೆಯಾದ ಗಾಳಿ ಯೋಜನೆಗಳಿಗೆ ಅಂತರರಾಜ್ಯ ಪ್ರಸರಣ ಶುಲ್ಕ ಪೂರ್ತಿ ಮನ್ನಾ ಇತ್ತು; ಆ ಬಳಿಕ ಮನ್ನಾ ವರ್ಷಕ್ಕೆ ಕಾಲು ಭಾಗದಂತೆ ಇಳಿಯುತ್ತ ಹೋಗುತ್ತದೆ. 2024-25ರಲ್ಲಿ ದೇಶದಲ್ಲಿಯೇ ಅತಿ ಹೆಚ್ಚು, 1,331 ಮೆಗಾವ್ಯಾಟ್, ಹೊಸ ಗಾಳಿ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ. ಆ ಗಡುವು ಹತ್ತಿರವಾಗಿದ್ದರ ಅವಸರವೂ ಅದರಲ್ಲಿ ಇರಲೇಬೇಕು. ಆದ್ದರಿಂದ ಯೋಜನೆಯ ದಿನಾಂಕ ಒಂದು ವರ್ಷ ಜಾರಿದರೆ ಲೆಕ್ಕವೇ ಬದಲಾಗುತ್ತದೆ.

ಗಾಳಿಯ ಯೋಜನೆ ಒಂದೆರಡು ವರ್ಷದಲ್ಲಿ ಎದ್ದು ನಿಲ್ಲಬಹುದು, ದೊಡ್ಡ ತಂತಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಗಿರಾಕಿ ಇಲ್ಲದೆ ತಂತಿ ಎಳೆಯುವುದಿಲ್ಲ, ತಂತಿ ಇಲ್ಲದೆ ಯಂತ್ರಕ್ಕೆ ಸಾಲ ಸಿಗುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ ಗಾಳಿಯ ವಲಯಗಳನ್ನು ಮೊದಲೇ ಗುರುತಿಸಿ, ಖರ್ಚನ್ನು ಎಲ್ಲ ಗ್ರಾಹಕರ ಮೇಲೆ ಹಂಚಿ, ಸುಮಾರು 18,500 ಮೆಗಾವ್ಯಾಟ್ ಸಾಗಿಸುವ ತಂತಿಗಳನ್ನು 2014ರ ಆರಂಭದ ಹೊತ್ತಿಗೆ ಎಳೆದು ಈ ಗಂಟನ್ನು ಬಿಚ್ಚಿತು. ಬೀದರ್‌ನಲ್ಲಿ 2,500 ಮೆಗಾವ್ಯಾಟ್ ಸೌರ ವಲಯಕ್ಕಾಗಿ ರೂಪಿಸಿದ ಅಂತರರಾಜ್ಯ ಪ್ರಸರಣ ಯೋಜನೆಯ ಹಿಂದೆ ಇರುವುದೂ ಅದೇ ವಿಚಾರ.

ಹಣ ಬರುವುದು ಯಾವಾಗ

ದರ ಒಳ್ಳೆಯದಿದ್ದು ಹಣ ತಡವಾಗಿ ಬಂದರೆ ಆಗುವ ನಷ್ಟವನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಒಂದು ಮೆಗಾವ್ಯಾಟ್ ಯಂತ್ರವನ್ನೇ ತೆಗೆದುಕೊಳ್ಳಿ. ಯೂನಿಟ್ಟಿಗೆ 3.46ರಂತೆ ವರ್ಷದ ಆದಾಯ ಸುಮಾರು 91 ಲಕ್ಷ. ಹಣ ಸದಾ ಆರು ತಿಂಗಳು ಬಾಕಿ ಉಳಿದರೆ, ಶೇಕಡಾ 10ರ ಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಹೋಗುತ್ತದೆ. ಇದು ಯಂತ್ರವನ್ನು ಶೇಕಡಾ 5ರಷ್ಟು ಕಾಲ ಬಲವಂತವಾಗಿ ನಿಲ್ಲಿಸಿದ್ದಕ್ಕೆ ಸಮ. 2022ರಲ್ಲಿ ದೇಶದ ವಿತರಣಾ ಕಂಪನಿಗಳ ಬಾಕಿ ಸುಮಾರು 1.4 ಲಕ್ಷ ಕೋಟಿ ಮುಟ್ಟಿದಾಗ ಕೇಂದ್ರ ಸರ್ಕಾರ ಬಾಕಿಯನ್ನು ಕಂತುಗಳಲ್ಲಿ ತೀರಿಸುವ, ತಪ್ಪಿದರೆ ವಿನಿಮಯ ಕೇಂದ್ರದ ಬಾಗಿಲು ಮುಚ್ಚುವ ನಿಯಮ ತಂದಿತು. ಪರಿಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. ನಮ್ಮ ವಿತರಣಾ ಕಂಪನಿಗಳ ಆದಾಯದಲ್ಲಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೆ ಮತ್ತು 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿಯೇ ಉದ್ಘಾಟನೆಯಾದ ಗೃಹಜ್ಯೋತಿಗೆ ಸರ್ಕಾರ ಕೊಡುವ ಸಹಾಯಧನದ ಪಾಲು ದೊಡ್ಡದು. ಆ ಹಣ ಸಮಯಕ್ಕೆ ಬಂದರೆ ಉತ್ಪಾದಕರಿಗೂ ಸಮಯಕ್ಕೆ ಸಿಗುತ್ತದೆ.

ಒಪ್ಪಂದವೇ ಅಲುಗಾಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಆಂಧ್ರಪ್ರದೇಶವನ್ನು ನೋಡಬಹುದು. 2019ರಲ್ಲಿ ಅಲ್ಲಿಯ ಸರ್ಕಾರ ಹಳೆಯ ಗಾಳಿ, ಸೌರ ಒಪ್ಪಂದಗಳ ದರವನ್ನು ಮರುಪರಿಶೀಲಿಸಲು ಹೊರಟಿತು. ವಿವಾದ ನ್ಯಾಯಾಲಯಕ್ಕೆ ಹೋಗಿ, 2022ರ ಮಾರ್ಚ್‌ನಲ್ಲಿ ಉಚ್ಚ ನ್ಯಾಯಾಲಯ ಒಪ್ಪಂದದ ದರವನ್ನೇ ಎತ್ತಿಹಿಡಿಯಿತು. ಆದರೆ ಅಷ್ಟರಲ್ಲಿ ಕಳೆದ ಮೂರು ವರ್ಷಗಳಲ್ಲಿ ಅಲ್ಲಿ ಹೊಸ ಹಣ ಹಾಕಲು ಯಾರಿಗೆ ಧೈರ್ಯವಿದ್ದೀತು?

ಕಾರ್ಖಾನೆಯವರ ಕೊನೆಯ ಲೆಕ್ಕ

ನೇರ ಖರೀದಿಯಲ್ಲಿ ಹೋಲಿಸಬೇಕಾದದ್ದು ನಿಮ್ಮ ಬಿಲ್ಲಿನ ಒಟ್ಟು ಸರಾಸರಿಯನ್ನಲ್ಲ, ಯೂನಿಟ್ಟಿನ ಶುಲ್ಕವನ್ನು ಮಾತ್ರ. ಏಕೆಂದರೆ ಜೆಸ್ಕಾಂ ಸಂಪರ್ಕ ಉಳಿಸಿಕೊಂಡಿರುವವರೆಗೆ ಬೇಡಿಕೆ ಶುಲ್ಕ, ಅಂದರೆ ಯೂನಿಟ್ಟು ಬಳಸಲಿ ಬಿಡಲಿ ತೆರುವ ನಿಶ್ಚಿತ ಮೊತ್ತ, ಹೇಗೂ ಕಟ್ಟಬೇಕು. ಇನ್ನು ಮಾರುವವರ 4 ರೂಪಾಯಿಯ ದರ ನಿಮ್ಮ ಮೀಟರಿಗೆ ಬರುವಾಗ 4 ರೂಪಾಯಿಯಾಗಿ ಉಳಿಯುವುದಿಲ್ಲ. ನೂರು ಯೂನಿಟ್ಟಿನಲ್ಲಿ ತಂತಿಯ ನಷ್ಟ, ಬ್ಯಾಂಕಿಂಗ್ ಪಾಲು ಕಳೆದು 92 ಮುಟ್ಟಿದರೆ ಅದೇ 4.35 ಆಯಿತು. ಅದರ ಮೇಲೆ ದೊಡ್ಡ ತಂತಿಯ ಪ್ರಸರಣ ಶುಲ್ಕ, ವಿತರಣಾ ಕಂಪನಿಯ ತಂತಿ ಬಳಸಿದ್ದಕ್ಕೆ ವೀಲಿಂಗ್ ಶುಲ್ಕ, ಬೇರೆ ಗ್ರಾಹಕರ ರಿಯಾಯಿತಿಯನ್ನು ತುಂಬಿಕೊಡಲು ವಸೂಲಿ ಮಾಡುವ ಅಡ್ಡ ಸಹಾಯಧನದ ಸರ್‌ಚಾರ್ಜ್, ಕಂಪನಿಯ ನಿಶ್ಚಿತ ವೆಚ್ಚಕ್ಕಾಗಿ ಹೆಚ್ಚುವರಿ ಸರ್‌ಚಾರ್ಜ್ ಸೇರುತ್ತವೆ. ಇವೆಲ್ಲವುಗಳ ಇಂದಿನ ಅಂಕಿಗಳನ್ನು ಆಯೋಗದ ಇತ್ತೀಚಿನ ದರ ಆದೇಶದಿಂದ ನೀವೇ ತೆಗೆದು ತುಂಬಿ. ಮಾರುವವರ ಹಾಳೆಯಿಂದ ತೆಗೆಯಬೇಡಿ.

ಅಡ್ಡ ಸಹಾಯಧನದ ಸರ್‌ಚಾರ್ಜ್ ತಪ್ಪಿಸಿಕೊಳ್ಳಲು ಹಲವರು ಹಿಡಿಯುವ ದಾರಿ ಸ್ವಂತ ಬಳಕೆಯ ಘಟಕದ್ದು. 2005ರ ನಿಯಮಗಳ ಪ್ರಕಾರ ಬಳಕೆದಾರರು ಘಟಕದ ಕನಿಷ್ಠ ಶೇಕಡಾ 26ರಷ್ಟು ಒಡೆತನ ಹೊಂದಿ, ಕನಿಷ್ಠ ಶೇಕಡಾ 51ರಷ್ಟು ವಿದ್ಯುತ್ತನ್ನು ತಾವೇ ಬಳಸಬೇಕು. ಹಲವು ಮಿಲ್‌ಗಳು ಸೇರಿ ಪಾಲು ಹಾಕಬಹುದು. ಆದರೆ ಯಾರೋ ಒಬ್ಬರು ಬಳಕೆ ತಗ್ಗಿಸಿ ವರ್ಷದ ಕೊನೆಗೆ 51 ಮುಟ್ಟದಿದ್ದರೆ ಆ ಇಡೀ ವರ್ಷದ ಸರ್‌ಚಾರ್ಜ್ ಎಲ್ಲರ ಮೇಲೂ ಬೀಳುತ್ತದೆ. ಪಾಲುದಾರರಲ್ಲಿ ವರ್ಷವಿಡೀ ಓಡುವ ಘಟಕ ಒಂದಾದರೂ ಇರಲಿ. ತೊಗರಿಯ ಮಿಲ್‌ಗಳಷ್ಟೇ ಸೇರಿ ಮಾಡುವ ಗುಂಪು ಬಾಳುವುದು ಕಷ್ಟ. ಸ್ವಂತ ಕಲ್ಲಿದ್ದಲು ಘಟಕವಿರುವ ಕಾರ್ಖಾನೆಗಳು ಇನ್ನೊಂದನ್ನು ಗಮನಿಸಬೇಕು: 2023ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ ನವೀಕರಿಸಬಹುದಾದ ವಿದ್ಯುತ್ತಿನ ಕಡ್ಡಾಯ ಬಳಕೆಯಲ್ಲಿ ಹೊಸ ಗಾಳಿ ಯೋಜನೆಗಳಿಗೆ ಪ್ರತ್ಯೇಕ ಪಾಲನ್ನು ಗೊತ್ತುಪಡಿಸಿದೆ, ಅದು 2024-25ರ ಶೇಕಡಾ 0.67ರಿಂದ 2029-30ಕ್ಕೆ ಶೇಕಡಾ 3.48ಕ್ಕೆ ಏರುತ್ತದೆ.

ಈ ಶುಲ್ಕಗಳೆಲ್ಲ ಬದಲಾಗುವುದು ಆಯೋಗದ ದರ ಆದೇಶಗಳಲ್ಲಿ. 2025ರ ಮಾರ್ಚ್‌ನಲ್ಲಿ ಆಯೋಗ ಮೂರು ವರ್ಷಗಳ ದರವನ್ನು ಒಟ್ಟಿಗೆ ಪ್ರಕಟಿಸಿದೆ. ಅಂಥ ಆದೇಶಕ್ಕೆ ಮುಂಚೆ ಜೆಸ್ಕಾಂ ಸಲ್ಲಿಸುವ ಅರ್ಜಿ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಕನ್ನಡದಲ್ಲಿಯೇ ಲಿಖಿತ ಆಕ್ಷೇಪಣೆ ಸಲ್ಲಿಸಿ ಆಯೋಗದ ವಿಚಾರಣೆಯಲ್ಲಿ ಮಾತನಾಡಬಹುದು. ಅಲ್ಲಿ ದರ ಏರಿಸಬೇಡಿ ಎಂದಷ್ಟೇ ಹೇಳಿ ಬರುವ ಬದಲು ಬ್ಯಾಂಕಿಂಗ್ ಅವಧಿ, ವೀಲಿಂಗ್ ಶುಲ್ಕ, ನಮ್ಮ ಸಬ್‌ಸ್ಟೇಷನ್ನುಗಳಲ್ಲಿ ಉಳಿದಿರುವ ಸಾಮರ್ಥ್ಯ ಇವುಗಳ ಬಗ್ಗೆ ಹನ್ನೆರಡು ತಿಂಗಳ ಬಿಲ್ಲಿನ ಅಂಕಿಗಳನ್ನು ಲಗತ್ತಿಸಿ ಕೇಳಿ. ಸಲ್ಲಿಕೆಯಾದ ಆಕ್ಷೇಪಣೆಗಳಿಗೆ ಕಂಪನಿಯ ಉತ್ತರವೂ ಆಯೋಗದ ಅಭಿಪ್ರಾಯವೂ ಆದೇಶದಲ್ಲಿ ದಾಖಲಾಗುತ್ತವೆ.